ಹಳೆಯ ಕಾರಿಗೆ ಹಳೆಯ ದೀಪ

ನಿಮ್ಮ ಮನೆಯ ಮುಂದೆ ಹದಿನೈದೋ ಇಪ್ಪತ್ತೋ ವರ್ಷದ ಕಾರೊಂದು ನಿಂತಿದ್ದರೆ, ಇಂದು ಸಂಜೆ ಕತ್ತಲಾಗುವ ಹೊತ್ತಿಗೆ ಅದನ್ನು ಒಂದು ಗೋಡೆಯ ಎದುರಿಗೆ ನಿಲ್ಲಿಸಿ ದೀಪ ಹಾಕಿ ನೋಡಿ. ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಹಳೆಯ ತುಪ್ಪದ ಬಣ್ಣದ ಬೆಳಕು ಬಿದ್ದರೆ ಈ ಲೇಖನವನ್ನು ಮುಂದೆ ಓದುವುದು ನಿಮಗೆ ಪ್ರಯೋಜನವಾದೀತು. ಎರಡೂ ಕಡೆ ಒಂದೇ ಸಮನಾಗಿ ಹಳದಿಯಾಗಿದ್ದರಂತೂ ಅವಶ್ಯವಾಗಿ ಓದಬೇಕು. ಏಕೆಂದರೆ ಹೋಲಿಸಿ ನೋಡಲು ಏನೂ ಇಲ್ಲದಿರುವಾಗ ಬೆಳಕು ಕುಗ್ಗಿರುವುದು ನಮಗೆ ತಿಳಿಯುವುದೇ ಇಲ್ಲ. ದಿನಕ್ಕೆ ಒಂದಿಷ್ಟಿಷ್ಟೇ ಕುಗ್ಗುವ ಬೆಳಕಿಗೆ ಕಣ್ಣು ಹೊಂದಿಕೊಂಡುಬಿಡುತ್ತದೆ. ಅರವತ್ತು ದಾಟಿದವರ ಕಣ್ಣಿನೊಳಗಿನ ಮಸೂರವೂ ಸ್ವಲ್ಪ ಹಳದಿಯಾಗಿರುತ್ತದೆ, ಪಾಪೆ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಹಳೆಯ ಕಾರನ್ನು ಇಟ್ಟುಕೊಂಡಿರುವವರು ಹೆಚ್ಚಾಗಿ ಇಂಥ ವಯಸ್ಸಿನವರೇ ಎಂಬುದನ್ನೂ ಮರೆಯಬಾರದು.

ನನಗೆ ಇದು ತಿಳಿದದ್ದು ಒಂದು ರಾತ್ರಿ ಕುಣಿಗಲಿನಿಂದ ಹುಲಿಯೂರುದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ. ನಮ್ಮದು 2001ರಲ್ಲಿ ನೋಂದಣಿಯಾದ ಸಣ್ಣ ಕಾರು. ತಂದೆಯವರು ಕೊಂಡದ್ದು, ಅವರ ನೆನಪಿಗೆಂದು ಇಟ್ಟುಕೊಂಡಿದ್ದೇನೆ. ಎದುರಿಗೆ ಲಾರಿಯೊಂದು ಬಂದು ಹೋಯಿತು. ಅದು ಹೋದ ಮೇಲೆ ಕತ್ತಲೆ. ಆ ಕತ್ತಲೆಯೊಳಗಿಂದ ಒಮ್ಮೆಲೇ ಹುಲ್ಲಿನ ಹೊರೆ ಹೊತ್ತ ಸೈಕಲ್ಲೊಂದು, ಅದನ್ನು ತಳ್ಳಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಾಲ್ಕು ಮಾರು ದೂರದಲ್ಲಿ ಕಾಣಿಸಿಕೊಂಡರು. ಬ್ರೇಕು ಹಿಡಿಯಿತು, ಆಯುಸ್ಸು ಗಟ್ಟಿಯಾಗಿತ್ತು. ಅವರು ನನ್ನನ್ನು ಬೈಯಲಿಲ್ಲ. "ದೀಪ ಹಾಕ್ಕಂಡ್ ಬನ್ನಿ ಸ್ವಾಮಿ" ಎಂದಷ್ಟೇ ಹೇಳಿ ಮುಂದೆ ಹೋದರು. ದೀಪ ಹಾಕಿಯೇ ಇತ್ತು! ಆ ಮಾತು ನನಗೆ ನಾಟಿತು.

ಮಾರನೆಯ ದಿನ ಹೊಸ ದೀಪಕ್ಕೆ ಹುಡುಕಿದೆ. ಆ ಮಾದರಿಯ ಕಾರನ್ನು ತಯಾರಿಸುವುದು ನಿಂತು ಎಷ್ಟೋ ವರ್ಷವಾಗಿತ್ತು. ಎಡಗಡೆಯದು ಸಿಗುತ್ತದೆ, ಬಲಗಡೆಯದು ಇಲ್ಲ ಎಂದರು ಒಬ್ಬರು. ಎರಡೂ ಇಲ್ಲ ಎಂದರು ಇನ್ನೊಬ್ಬರು. ಹೀಗಾಗಿ ಗುಜರಿಗೆ ಹೋಗದೆ ಗತ್ಯಂತರವಿರಲಿಲ್ಲ. ಅಲ್ಲಿಂದ ಮುಂದೆ ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ತಪ್ಪು, ದೀಪವೇ ಕೆಟ್ಟಿದೆಯೆಂದು ತಿಳಿದುಕೊಂಡದ್ದು. ಬೆಳಕು ಮಂಕಾಗಿದ್ದರೆ ದೀಪ ಮಂಕಾಗಿದೆ ಎನ್ನುವುದು ಸಹಜ. ಆದರೆ ದೀಪಕ್ಕೆ ಸರಿಯಾಗಿ ವಿದ್ಯುತ್ತು ಬರುತ್ತಿದೆಯೇ ಎಂದು ಯಾರು ನೋಡುತ್ತಾರೆ? ಬೇಸಿಗೆಯ ಸಂಜೆ ಮನೆಯಲ್ಲಿ ವೋಲ್ಟೇಜು ಇಳಿದಾಗ ಹಳೆಯ ಬಲ್ಬು ಕೆಂಪಗೆ ಉರಿಯುತ್ತಿದ್ದುದನ್ನು ನೀವು ಕಂಡಿರುತ್ತೀರಿ. ಕಾರಿನ ಬಲ್ಬಿಗೂ ಅದೇ ಗತಿ. ತಂತಿಯ ಬಲ್ಬಿಗೆ ಬರುವ ವೋಲ್ಟೇಜು ನೂರಕ್ಕೆ 10ರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ 10ರಷ್ಟಲ್ಲ, ಸುಮಾರು 30ರಷ್ಟು ಕಡಿಮೆಯಾಗುತ್ತದೆ. ಹಳೆಯ ಕಾರಿನಲ್ಲಿ ಈ ನಷ್ಟವಾಗುವ ಜಾಗಗಳು ಮೂರು: ದೀಪದ ಸ್ವಿಚ್ಚಿನೊಳಗಿನ ಸವೆದ ತಗಡು, ಬಿಸಿಯಾಗಿ ಕಂದಿದ ಕಪ್ಲರು, ಬಾಡಿಗೆ ಬಿಗಿದ ಅರ್ತಿಂಗಿನ ತಂತಿಗೆ ಹಿಡಿದ ತುಕ್ಕು. ಎಂಜಿನ್ನು ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗ, ಬ್ಯಾಟರಿಯ ಮೇಲೆ ಒಮ್ಮೆ, ಬಲ್ಬಿನ ಹಿಂದೆ ಒಮ್ಮೆ ಮೀಟರಿಟ್ಟು ಅಳೆಯಬೇಕು. ಇವೆರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ತಂತಿಯದು. ಗಲ್ಲಿಯ ಎಲೆಕ್ಟ್ರಿಷಿಯನ್ನನಿಗೆ ಇದು ಹತ್ತು ನಿಮಿಷದ ಕೆಲಸ. ನಾನು ಇದನ್ನು ಮಾಡಿಸದೆ ದೀಪ ತಂದು ಕೂರಿಸಿದೆ. ಹಳೆಯದು ಎಷ್ಟು ಮಂಕಾಗಿತ್ತೋ ಇದೂ ಅಷ್ಟೇ ಮಂಕು! ಕೊನೆಗೆ ಅರ್ತಿಂಗಿನ ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದ ಹಾಕಿ ಉಜ್ಜಿ ಬಿಗಿದ ಮೇಲೆ ಎರಡು ಕಡೆಯೂ ಬೆಳಕು ಏರಿತು.

ನಿಮ್ಮದು ಅಂಬಾಸಡರೋ ಪ್ರೀಮಿಯರ್ ಪದ್ಮಿನಿಯೋ ಹಳೆಯ ಜೀಪೋ ಆಗಿದ್ದರೆ ನೀವು ಅದೃಷ್ಟವಂತರು. ಅವುಗಳ ದುಂಡು ದೀಪ 7 ಅಂಗುಲದ್ದು. ಈ ಅಳತೆಗೆ ಒಂದು ಕಥೆಯಿದೆ. 1939ರ ಹೊತ್ತಿಗೆ ಅಮೆರಿಕದಲ್ಲಿ ಬಲ್ಬು, ಕನ್ನಡಿ, ಗಾಜು ಮೂರನ್ನೂ ಒಂದೇ ಬುರುಡೆಯಾಗಿ ಮುಚ್ಚಿದ 'ಸೀಲ್ಡ್ ಬೀಮ್' ದೀಪ ಬಂತು. ಯಾವ ಕಂಪನಿಯ ಕಾರಾದರೂ ಸರಿ, 7 ಅಂಗುಲದ ಇದೇ ದುಂಡು ದೀಪ ಎರಡಿರಬೇಕೆಂದು ಅಲ್ಲಿ ಗೊತ್ತುಮಾಡಿದರು. ಊರೂರಿನ ಪೆಟ್ರೋಲು ಬಂಕಿನಲ್ಲೂ ಅದು ಸಿಗುವಂತಾಯಿತು. ಆ ಅಳತೆಯೇ ಲೋಕವನ್ನೆಲ್ಲ ಸುತ್ತಿ ನಮ್ಮಲ್ಲಿಗೂ ಬಂತು. ಮುಂದೆ 1971ರಲ್ಲಿ ಎಚ್-4 ಎಂಬ ಹ್ಯಾಲೊಜೆನ್ ಬಲ್ಬು ಬಂದಾಗ ಅದರ ಹಿಂಬದಿಯ ಮೂರು ಕಾಲುಗಳೂ ಹಳೆಯ ಕಪ್ಲರಿಗೇ ಕೂರುವಂತಿದ್ದವು. ಆದ್ದರಿಂದ ದುಂಡು ದೀಪದವರು ಗುಜರಿಯ ಗೋಜಿಗೆ ಹೋಗದೆ ಜೆ.ಸಿ. ರಸ್ತೆಯಂಥ ಕಡೆ ಹೊಸದನ್ನೇ ಕೊಳ್ಳಬಹುದು. ಗಾಜಿನ ಮೇಲೆ 'ಟಾಪ್' ಎಂದು ಬರೆದಿದ್ದರೆ ಆ ಬರಹ ಮೇಲೆ ಬರುವಂತೆ ಕೂರಿಸಿದರೆ ಸಾಕು.

ತೊಂದರೆಯೆಲ್ಲ ನಂತರದ ಕಾರುಗಳದು. ಯುರೋಪಿನಲ್ಲಿ 1961ರ ಸಿಟ್ರೊಯೆನ್ ಆಮಿ-6 ಕಾರಿಗೇ ಆಯತಾಕಾರದ ದೀಪ ಬಂದಿತ್ತು. ಅಮೆರಿಕದವರು 1983ರಲ್ಲಿ ತಮ್ಮ ನಿಯಮವನ್ನು ಸಡಿಲಿಸಿದರು. ಅಲ್ಲಿಂದೀಚೆಗೆ ಕಾರಿನ ಮುಖಕ್ಕೆ ತಕ್ಕಂತೆ ದೀಪವನ್ನು ಕಡೆಯುವುದೇ ಪದ್ಧತಿಯಾಯಿತು. ನೋಡಲು ಚೆಂದ, ನಿಜ. ಆದರೆ ಒಂದು ಕಾರಿನ ದೀಪ ಇನ್ನೊಂದಕ್ಕೆ ಹೊಂದುವುದಿಲ್ಲ. ಎಷ್ಟೋ ಸಲ ಅದೇ ಹೆಸರಿನ ಕಾರಿನ ಹಳೆಯ ಮಾದರಿಯದು ಹೊಸ ಮಾದರಿಗೂ ಹೊಂದುವುದಿಲ್ಲ. ಕಂಪನಿ ಬಾಗಿಲು ಹಾಕಿದರಂತೂ ಮುಗಿಯಿತು.

ಇನ್ನು ಗುಜರಿಗೆ ಹೋಗೋಣ. ಬೆಂಗಳೂರಿನವರಿಗೆ ಶಿವಾಜಿನಗರ ಗೊತ್ತಿದೆ. ಬೇರೆ ಊರುಗಳಲ್ಲೂ ಹಳೆಯ ವಾಹನ ಬಿಚ್ಚುವ ಬೀದಿಯೊಂದು ಇದ್ದೇ ಇರುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಹಳೆಯ ದೀಪವನ್ನು ಬಿಚ್ಚಿಸಿ ಚೀಲದಲ್ಲಿ ಹಾಕಿಕೊಳ್ಳಿ, ಒಂದು ಸಣ್ಣ ಟಾರ್ಚನ್ನೂ ಒಂದು ಒಳ್ಳೆಯ ಬಲ್ಬನ್ನೂ ಜೊತೆಗಿಟ್ಟುಕೊಳ್ಳಿ. ಹಗಲು ಹೊತ್ತಿನಲ್ಲೇ ಹೋಗಿ. ಅಲ್ಲಿ ಇದನ್ನು 'ಹೆಡ್‌ಲೈಟು' ಎನ್ನುವುದಕ್ಕಿಂತ 'ಡೂಮು' ಎಂದರೆ ಬೇಗ ತಿಳಿಯುತ್ತದೆ. ಎಡ ಬಲ ಎನ್ನುವುದಕ್ಕೆ 'ಕ್ಲೀನರ್ ಸೈಡು', 'ಡ್ರೈವರ್ ಸೈಡು' ಎಂದೇ ವಾಡಿಕೆ. ಈ ವಾಡಿಕೆ ಬಹಳ ಒಳ್ಳೆಯದು. ಕಾರಿನ ಮುಂದೆ ನಿಂತು ನೋಡುವವನಿಗೆ ಎಡವಾಗಿರುವುದು ಒಳಗೆ ಕೂತವನಿಗೆ ಬಲ. ಕಾರಿನ ಲೆಕ್ಕದಲ್ಲಿ ಎಡ ಬಲವೆಂದರೆ ಯಾವಾಗಲೂ ಒಳಗೆ ಕೂತವನದು. ಡ್ರೈವರ್ ಸೈಡು ಎಂದರೆ ಆ ಗೊಂದಲವೇ ಇಲ್ಲ. ಆದರೆ ಹೊರದೇಶದಿಂದ ತರಿಸುವವರು ಮಾತ್ರ ಎಚ್ಚರದಿಂದಿರಬೇಕು. ಅಮೆರಿಕದವರ ಡ್ರೈವರು ಎಡಕ್ಕೆ ಕೂರುತ್ತಾನೆ!

ಅಂಗಡಿಯವರು ದೀಪವನ್ನು ಬಟ್ಟೆಯಿಂದ ಒರೆಸಿ, "ಒರಿಜಿನಲ್ ಮಾಲು ಸಾರ್, ಗಾಡಿ ಬಿಚ್ಚಿದ್ದು, ಡೂಪ್ಲಿಕೇಟ್ ಅಲ್ಲ" ಎಂದು ಕೈಗೆ ಕೊಡುತ್ತಾರೆ. ಅದು ನಿಜವೇ ಇರಬಹುದು. ಕಂಪನಿಯ ಮೂಲ ದೀಪ ಹಳೆಯದಾದರೂ, ಹೊಸ ನಕಲಿಗಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ. ನಕಲಿಯಲ್ಲಿ ಕನ್ನಡಿಯ ಬಾಗು ಸರಿಯಿರುವುದಿಲ್ಲ, ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಆದರೆ ಮುಖ ನೋಡಿ ಮೋಸಹೋಗಬೇಡಿ, ಹಿಂದಕ್ಕೆ ತಿರುಗಿಸಿ. ದೀಪವನ್ನು ಬಾಡಿಗೆ ಹಿಡಿದಿಡುವ ಪ್ಲಾಸ್ಟಿಕ್ಕಿನ ಕಿವಿಗಳನ್ನು ಒಂದೊಂದಾಗಿ ನಿಮ್ಮ ಹಳೆಯ ದೀಪದೊಂದಿಗೆ ಹೋಲಿಸಿ ಎಣಿಸಿ. ಗುಜರಿಗೆ ಬರುವ ಕಾರುಗಳಲ್ಲಿ ಎಷ್ಟೋ ಅಪಘಾತವಾಗಿ ಬಂದವು. ಪೆಟ್ಟು ಬಿದ್ದಾಗ ಗಾಜು ಉಳಿದರೂ ಕಿವಿ ಮುರಿಯುತ್ತದೆ. ಮುರಿದದ್ದನ್ನು ಅಂಟು ಹಾಕಿಯೋ, ಕಾಯಿಸಿಯೋ ಕೂಡಿಸಿರುತ್ತಾರೆ. ಉಗುರಿನಿಂದ ಗೀರಿದರೆ ಗೊತ್ತಾಗುತ್ತದೆ.

ನಾನು ಕೊಂಡ ಮೊದಲ ದೀಪದಲ್ಲಿ ಇದೇ ಆಗಿತ್ತು. ತಂದು ಹಾಕಿದ ವಾರದಲ್ಲೇ ಅಂಟು ಬಿಟ್ಟಿತು. ದೀಪ ಹಿಂದಕ್ಕೆ ವಾಲಿ ಬೆಳಕು ಆಕಾಶ ನೋಡತೊಡಗಿತು. ನನಗೆ ಒಳಗಿನಿಂದ ತಿಳಿಯಲಿಲ್ಲ. ಎದುರಿಗೆ ಬಂದವರೆಲ್ಲ ದೀಪ ಮಿಣುಕಿಸುತ್ತ ಹೋದರು. ಏನೋ ಸ್ನೇಹದಿಂದ ಮಾಡುತ್ತಿದ್ದಾರೆ ಎಂದುಕೊಂಡೆ. ಕೊನೆಗೊಬ್ಬ ಲಾರಿ ಡ್ರೈವರು ಗಾಡಿ ನಿಲ್ಲಿಸಿ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಕಿವಿ ಸರಿಯಿದ್ದರೆ ದೀಪವನ್ನು ಮೆಲ್ಲಗೆ ಅಲುಗಾಡಿಸಿ. ಒಳಗೆ ಕಟಕಟ ಎಂದರೆ ಕನ್ನಡಿಯನ್ನು ಹಿಡಿದಿರುವ ಗುಂಡಿ ಕಳಚಿದೆ ಎಂದು ಅರ್ಥ. ಬೆಳಕನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂಗಳನ್ನು ತಿರುಗಿಸಿ, ಕನ್ನಡಿ ಅದರೊಡನೆ ಚಲಿಸುತ್ತದೆಯೇ ನೋಡಿ. ಬಲ್ಬಿನ ತೂತಿನಿಂದ ಟಾರ್ಚು ಬಿಟ್ಟು ಒಳಗನ್ನು ಪರೀಕ್ಷಿಸಿ. ಕನ್ನಡಿಯೆಂದರೆ ನಮ್ಮ ಮನೆಯ ಕನ್ನಡಿಯಲ್ಲ; ಪ್ಲಾಸ್ಟಿಕ್ಕಿನದೋ ತಗಡಿನದೋ ಬಟ್ಟಲಿಗೆ ನಿರ್ವಾತದಲ್ಲಿ ಹಿಡಿಸಿದ ಅಲ್ಯುಮಿನಿಯಮ್ಮಿನ ತೆಳುಪೊರೆ ಅದು. ನೀರು ಹೋಗಿದ್ದರೆ ಅದು ಬೂದಿಬಣ್ಣಕ್ಕೆ ತಿರುಗುತ್ತದೆ, ಸಿಪ್ಪೆ ಏಳುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಉರಿಸಿದ್ದರೆ ಬಲ್ಬಿನ ನೆತ್ತಿಯ ಮೇಲೆ ಕಂದಿದ ಕಲೆಯಿರುತ್ತದೆ. ಇಂಥ ದೀಪವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹೊರಗಿನ ಮುಖವನ್ನು ಉಜ್ಜಿ ಸರಿಮಾಡಬಹುದು, ಒಳಗಿನ ಪೊರೆಯನ್ನು ಮನೆಯಲ್ಲಿ ಸರಿಮಾಡಲಾಗದು. ಬಟ್ಟೆಯಿಂದ ಒರೆಸಿದರೂ ಕಿತ್ತು ಬರುತ್ತದೆ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ. ಡಿಮ್ಮು ಮಾಡಿದಾಗ ದೀಪದ ಬೆಳಕು ಎರಡು ಕಡೆಗೂ ಒಂದೇ ಎತ್ತರಕ್ಕೆ ಬೀಳುವುದಿಲ್ಲ. ರಸ್ತೆಯ ನಡುವಿನ ಕಡೆಗೆ, ಅಂದರೆ ಎದುರು ವಾಹನ ಬರುವ ಕಡೆಗೆ ತಗ್ಗಾಗಿ, ಅಂಚಿನ ಕಡೆಗೆ ಸ್ವಲ್ಪ ಮೇಲೇರಿ ಬೀಳುವಂತೆ ಅದನ್ನು ಮಾಡಿರುತ್ತಾರೆ. ಅಂಚಿನಲ್ಲಿ ನಡೆಯುವವರು, ದನಕರು, ಕೆಟ್ಟು ನಿಂತ ಗಾಡಿ ದೂರದಿಂದಲೇ ಕಾಣಲಿ, ಎದುರಿನವರ ಕಣ್ಣು ಕೋರೈಸದಿರಲಿ ಎಂದು. ನಾವು ಎಡಗಡೆ ಚಲಿಸುವವರು. ನಮಗೆ ಬೆಳಕು ಎಡಕ್ಕೆ ಏರಬೇಕು. ಜರ್ಮನಿ, ಫ್ರಾನ್ಸ್‌ನಂಥ ಕಡೆ ಬಲಗಡೆ ಚಲಿಸುತ್ತಾರೆ. ಅವರ ದೀಪ ಬಲಕ್ಕೆ ಏರುತ್ತದೆ. ಅಂಥ ದೀಪವನ್ನು ನಮ್ಮ ಕಾರಿಗೆ ಹಾಕಿದರೆ ಸ್ಕ್ರೂ ಮೊದಲ್ಗೊಂಡು ಎಲ್ಲವೂ ಹೊಂದುತ್ತದೆ. ಆದರೆ ಕಾಣಬೇಕಾದ ಅಂಚು ಕತ್ತಲಾಗಿ, ಎದುರಿನವರ ಕಣ್ಣಿಗೆ ನೇರವಾಗಿ ಬೆಳಕು ಹೊಡೆಯುತ್ತದೆ. ಹುಲ್ಲಿನ ಹೊರೆಯ ಮುದುಕರು ಇನ್ನೂ ಕಾಣದಂತಾಗುತ್ತಾರೆ. ಜಪಾನಿನವರೂ ಬ್ರಿಟನ್ನಿನವರೂ ನಮ್ಮಂತೆ ಎಡಗಡೆಯವರು. ಅಲ್ಲಿಯ ದೀಪಕ್ಕೆ ಈ ದೋಷವಿಲ್ಲ.

ಇದನ್ನು ಗುರುತಿಸುವುದು ಹೇಗೆ? ಗಾಜಿನ ಮೇಲೆ ಉಬ್ಬಕ್ಷರದಲ್ಲಿ ಅಚ್ಚಾಗಿರುವ ಗುರುತುಗಳನ್ನು ಓದಿ. ವೃತ್ತದೊಳಗೆ ಆಂಗ್ಲ 'ಇ' ಅಕ್ಷರವೂ ಪಕ್ಕದಲ್ಲಿ ಒಂದು ಅಂಕಿಯೂ ಇದ್ದರೆ ಅದು ಅಂತರರಾಷ್ಟ್ರೀಯ ಒಪ್ಪಿಗೆಯ ಗುರುತು. ಅಂಕಿ 1 ಎಂದರೆ ಜರ್ಮನಿಯಲ್ಲಿ, 11 ಎಂದರೆ ಬ್ರಿಟನ್ನಿನಲ್ಲಿ ಒಪ್ಪಿಗೆ ಪಡೆದದ್ದು. 'ಎಚ್' ಇದ್ದರೆ ಹ್ಯಾಲೊಜೆನ್, 'ಸಿ' ಎಂದರೆ ಡಿಮ್ಮು, 'ಆರ್' ಎಂದರೆ ಪೂರ್ಣ ಬೆಳಕು, 'ಪಿಎಲ್' ಎಂದರೆ ಪ್ಲಾಸ್ಟಿಕ್ಕಿನ ಮುಖ. ಇವುಗಳ ಹತ್ತಿರ ಒಂದು ಬಾಣದ ಗುರುತು ಹುಡುಕಿ. ದೀಪವನ್ನು ಎದುರಿನಿಂದ ನೋಡುವ ನಿಮ್ಮ ಬಲಕ್ಕೆ ಬಾಣ ತೋರಿಸುತ್ತಿದ್ದರೆ ಅದು ಎಡಬದಿಯ ಸಂಚಾರಕ್ಕೆ ಮಾಡಿದ್ದು, ನಮಗೆ ಆಗುತ್ತದೆ. ಎರಡು ತುದಿಯ ಬಾಣವಿದ್ದರೆ ಎರಡಕ್ಕೂ ಹೊಂದಿಸಿಕೊಳ್ಳಬಹುದಾದದ್ದು. 'ಇ' ಗುರುತಿದ್ದು ಬಾಣವೇ ಇಲ್ಲದ ಕಾರಿನ ದೀಪ ಬಲಬದಿಯ ದೇಶಗಳದ್ದು. ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ನಮ್ಮಲ್ಲಿ ತಯಾರಾದ ಎಷ್ಟೋ ದೀಪಗಳ ಮೇಲೆ ಈ ಗುರುತೇ ಇರುವುದಿಲ್ಲ. ಆಗ ಬ್ಯಾಟರಿಗೆ ಕೊಟ್ಟು ಉರಿಸಿ ನೋಡುವುದೇ ದಾರಿ. ಗುಜರಿಯಲ್ಲಿ ಬ್ಯಾಟರಿಗೇನೂ ಕೊರತೆಯಿಲ್ಲ, ಕೇಳಿದರೆ ಬೇಡವೆನ್ನುವುದಿಲ್ಲ. ನೀವು ತಂದ ಬಲ್ಬನ್ನು ಹಾಕಿ, ಡಿಮ್ಮಿನಲ್ಲಿಟ್ಟು, ದೀಪದ ಹಿಂದೆ ನಿಂತು ಅಂಗಡಿಯ ಒಳಗೋಡೆಯ ಮೇಲೆ ಬೆಳಕು ಬಿಡಿ. ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಬಲಕ್ಕೆ ಮಟ್ಟವಾಗಿದ್ದು ಎಡಕ್ಕೆ ಏರಿದರೆ ಸರಿ. ಗೆರೆಯೇ ಕಾಣದೆ ಬೆಳಕು ಮುದ್ದೆಯಾಗಿ ಬಿದ್ದರೆ ಕನ್ನಡಿ ಕೆಟ್ಟಿದೆ.

ಪ್ಲಾಸ್ಟಿಕ್ಕಿನ ಮುಖ ಹಳದಿಯಾಗಿದ್ದರೆ ಹೆದರಬೇಕಾಗಿಲ್ಲ, ಬೆಲೆ ಇಳಿಸಲು ಅದೊಂದು ಒಳ್ಳೆಯ ನೆಪ. ಪಾಲಿಕಾರ್ಬೊನೇಟೆಂಬ ಆ ಪ್ಲಾಸ್ಟಿಕ್ಕಿನ ಮೇಲೆ ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವ ಗಟ್ಟಿ ಲೇಪವೊಂದಿರುತ್ತದೆ. ವರ್ಷಾನುಗಟ್ಟಲೆ ಬಿಸಿಲಿಗೆ ಅದು ಸವೆದು ಮುಖ ಮಂಜಾಗುತ್ತದೆ. ನಯವಾದ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ ಪಾಲಿಷು ಮಾಡಿದರೆ ಹೊಳೆಯುತ್ತದೆ. ಹಲ್ಲುಪುಡಿಯಿಂದಲೋ ಟೂತ್‌ಪೇಸ್ಟಿನಿಂದಲೋ ತಿಕ್ಕುವವರೂ ಉಂಟು, ಹೊಳಪು ಬರುವುದೂ ಉಂಟು. ಆದರೆ ಉಜ್ಜುವಾಗ ಉಳಿದ ಲೇಪವೂ ಹೋಗಿರುತ್ತದೆ. ಅದರ ಮೇಲೆ ಹೊಸ ಲೇಪ ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಗುಜರಿಯಲ್ಲಿ ಅತಿಯಾಗಿ ಥಳಥಳಿಸುವ ಹಳೆಯ ದೀಪ ಕಂಡರೆ ಈಗ ತಾನೇ ಉಜ್ಜಿಟ್ಟದ್ದೆಂದು ತಿಳಿಯಿರಿ. ಗಾಜಿನ ಮುಖಕ್ಕೆ ಈ ರೋಗವಿಲ್ಲ. ಕಲ್ಲು ಸಿಡಿದ ಬಿರುಕನ್ನಷ್ಟೇ ನೋಡಿದರೆ ಸಾಕು. ಮುಖ ಮತ್ತು ಹಿಂಬುರುಡೆ ಕೂಡುವ ಅಂಚಿನಲ್ಲಿ ಬಿಳಿ ಸಿಲಿಕಾನು ಮೆತ್ತಿದ್ದರೆ ದೀಪವನ್ನು ಬಿಚ್ಚಿ ಮತ್ತೆ ಅಂಟಿಸಿದ್ದಾರೆ, ಮಳೆಗಾಲಕ್ಕೆ ನೀರು ಹೋಗುವ ಸಂಭವ ಹೆಚ್ಚು. ಹಿಂಬದಿಯ ರಬ್ಬರು ಟೋಪಿಯನ್ನು ಕೇಳಿ ಪಡೆಯಿರಿ, ಅದು ಬಿಡಿಯಾಗಿ ಸಿಗುವುದು ಕಷ್ಟ.

ಬೆಲೆಯ ವಿಚಾರದಲ್ಲಿ ಇಷ್ಟೇ ಎಂದು ಹೇಳುವಂತಿಲ್ಲ. ಹೊಸದು ಎಲ್ಲಾದರೂ ಸಿಗುವುದಾದರೆ ಅದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ ಎಂಬುದು ನನ್ನ ಲೆಕ್ಕ. ರಸೀದಿ ಕೇಳಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ, ತಿಳಿಯದೆ ಕೊಂಡರೂ ತಲೆನೋವು ತಪ್ಪದು.

ಬಲ್ಬನ್ನು ಮಾತ್ರ ಹೊಸದೇ ಕೊಳ್ಳಿ. ಎಚ್-4 ಆದರೆ 12 ವೋಲ್ಟಿನ 60/55 ವ್ಯಾಟಿನದು. ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಹತ್ತಿದ ಜಾಗ ಉರಿಯುವಾಗ ಕಾದು ಬಲ್ಬು ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್ಟಿನಿಂದ ಒರೆಸಿ. "100/90 ಹಾಕಿಸಿ ಸಾರ್, ಹಗಲಾಗುತ್ತೆ" ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಹಳೆಯ ತಂತಿಯೂ ಕಪ್ಲರೂ ಅದನ್ನು ತಾಳುವುದಿಲ್ಲ, ಕರಗುತ್ತವೆ. ಹ್ಯಾಲೊಜೆನ್ನಿಗೆಂದು ಮಾಡಿದ ಡೂಮಿಗೆ ಎಲ್‌ಇಡಿ ಬಲ್ಬು ತುರುಕುವುದೂ ಹೀಗೆಯೇ. ಕನ್ನಡಿಯ ಬಾಗನ್ನು ತಂತಿ ಉರಿಯುವ ಜಾಗಕ್ಕೆ ಲೆಕ್ಕಹಾಕಿ ಮಾಡಿರುತ್ತಾರೆ. ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ಅದು ಚದುರುತ್ತದೆ. ಬಾನುಲಿ ಕೇಳುವ ನಿಮಗೆ ಇನ್ನೊಂದು ಕಾರಣವೂ ಉಂಟು. ಅಗ್ಗದ ಎಲ್‌ಇಡಿಯೊಳಗಿನ ವಿದ್ಯುತ್ತಿನ ಪೆಟ್ಟಿಗೆ ರೇಡಿಯೋ ಅಲೆಗಳನ್ನು ಚೆಲ್ಲುತ್ತದೆ. ನಮ್ಮ ಬೀದಿಯವರೊಬ್ಬರು ಅದನ್ನು ಹಾಕಿಸಿಕೊಂಡ ದಿನದಿಂದ ಕಾರಿನಲ್ಲಿ ದೀಪ ಹಾಕಿದೊಡನೆ ಪ್ರದೇಶ ಸಮಾಚಾರದ ಬದಲು ಎಣ್ಣೆಯಲ್ಲಿ ಬೋಂಡ ಬೇಯುವ ಸದ್ದು ಕೇಳತೊಡಗಿತು. ಅವರು ರೇಡಿಯೋ ಕೆಟ್ಟಿತೆಂದು ಅದನ್ನೇ ಬದಲಾಯಿಸಿದರು!

ದೀಪ ಕೂರಿಸಿದ ಮೇಲೆ ಹೊಂದಿಸದೆ ರಸ್ತೆಗೆ ಇಳಿಯಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ಹೇಳುತ್ತವೆ: ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವವರಿಗೆ ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು. ಹಿಂದೆಲ್ಲ ಲಾರಿ ಬಸ್ಸುಗಳ ದೀಪದ ನಡುವೆ ಕಪ್ಪು ಬೊಟ್ಟಿಟ್ಟು, ಇಲ್ಲವೆ ಮೇಲರ್ಧಕ್ಕೆ ಕಪ್ಪು ಬಳಿದು ಇದನ್ನೇ ಸಾಧಿಸಲು ನೋಡುತ್ತಿದ್ದರು. ಹದಿನೈದು ವರ್ಷ ದಾಟಿ ನೋಂದಣಿಯನ್ನು ನವೀಕರಿಸಲು ಹೋದಾಗ ಇನ್‌ಸ್ಪೆಕ್ಟರು ದೀಪವನ್ನೂ ನೋಡುತ್ತಾರೆ.

ಹೊಂದಿಸುವುದು ಮನೆಯಲ್ಲೇ ಆಗುವ ಕೆಲಸ. ಟಯರುಗಳಿಗೆ ಸರಿಯಾಗಿ ಗಾಳಿ ಹಾಕಿಸಿ, ಮಟ್ಟವಾದ ನೆಲದಲ್ಲಿ ಕಾರನ್ನು ಗೋಡೆಯ ಹತ್ತಿರಕ್ಕೆ ತನ್ನಿ. ಪ್ರತಿ ದೀಪದ ನಡುಮಧ್ಯಕ್ಕೆ ಎದುರಾಗಿ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಮಾಡಿ. ಕಾರನ್ನು ನೇರವಾಗಿ 5 ಮೀಟರು ಹಿಂದಕ್ಕೆ ತೆಗೆಯಿರಿ. ಡ್ರೈವರ ಜಾಗದಲ್ಲಿ ಒಬ್ಬರು ಕೂತಿರಲಿ. ಡಿಮ್ಮಿನಲ್ಲಿ ಬೆಳಕಿನ ಮೇಲಂಚಿನ ಮಟ್ಟದ ಗೆರೆ ಗುರುತಿಗಿಂತ 5 ಸೆಂಟಿಮೀಟರು ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಜಾಗವಿದ್ದು 10 ಮೀಟರು ಹಿಂದೆ ಹೋಗುವುದಾದರೆ 10 ಸೆಂಟಿಮೀಟರು. ಗೆರೆ ಎಡಕ್ಕೆ ಮೇಲೇರಲು ತೊಡಗುವ ಮೂಲೆ ಗುರುತಿನ ನೇರಕ್ಕೆ ಬರಲಿ. ಒಂದು ದೀಪವನ್ನು ಹೊಂದಿಸುವಾಗ ಇನ್ನೊಂದಕ್ಕೆ ಗೋಣಿಚೀಲ ಮುಚ್ಚಿ.

ಕೊನೆಗೊಂದು ಮಾತು. ಚೀಲದಲ್ಲಿ ತೆಗೆದುಕೊಂಡು ಹೋದ ನಿಮ್ಮ ಹಳೆಯ ದೀಪವನ್ನು, "ಇದನ್ನ ಇಲ್ಲೇ ಬಿಡಿ ಸಾರ್, ನೂರು ರೂಪಾಯಿ ಮುರ್ಕೋತೀನಿ" ಎಂದರೂ ಬಿಟ್ಟು ಬರಬೇಡಿ. ಅದರ ಸ್ಕ್ರೂ, ಬಲ್ಬು ಹಿಡಿಯುವ ತಂತಿಯ ಕ್ಲಿಪ್ಪು, ಕಪ್ಲರು, ರಬ್ಬರು ಟೋಪಿ ಇವೆಲ್ಲ ಇನ್ನೊಂದು ದಿನ ಬೇಕಾಗುತ್ತವೆ. ನನ್ನ ಎರಡನೆಯ ದೀಪದ ಕ್ಲಿಪ್ಪು ಮುರಿದಾಗ ಅಟ್ಟದ ಮೇಲಿನ ಹಳೆಯದರಿಂದ ತೆಗೆದು ಹಾಕಿದ್ದು ಈಗಲೂ ಹಾಗೆಯೇ ಇದೆ.